ಬಾಯ್ಕಳಕ ಕೊಕ್ಕರೆಯ ಕೊಕ್ಕಿನ ಸಂದಿ

ಭೂಮಿಯ ಮಣ್ಣು ಇನ್ನೂ ಒದ್ದೆಯಾಗಿದ್ದ, ಹೊಳೆಗಳಿಗೆ ತಮ್ಮ ದಾರಿ ಇನ್ನೂ ಬಾಯಿಪಾಠವಾಗಿರದ ಕಾಲ. ಆಗ ದೇವೀರಿ ಎಂಬ ಕೊಕ್ಕರೆ ಇದ್ದಳು. ಅವಳ ಕೊಕ್ಕು ನೆಟ್ಟಗಿತ್ತು. ಮುಚ್ಚಿದರೆ ಒಂದು ಎಳೆ ಹುಲ್ಲೂ ತೂರದಷ್ಟು ಬಿಗಿ. ಅವಳು ತಿನ್ನುತ್ತಿದ್ದುದು ತನ್ನ ಕೆರೆಯ ಬಸವನಹುಳು ಮಾತ್ರ.

ಒಂದು ದಿನ ಆಮೆಯಜ್ಜಿ ಎಲ್ಲರನ್ನೂ ಹೊಳೆಯ ತಿರುವಿನ ಮಡುವಿಗೆ ಕರೆದಳು. ಅಲ್ಲಿ ಏಳು ಮತ್ತಿಮರಗಳು ಆಳವಾದ ನೀರಿಗೆ ಬೇರು ಇಳಿಬಿಟ್ಟು ನಿಂತಿದ್ದವು.

"ಈ ಮರಗಳ ನೆರಳು ಬೀಳುವಷ್ಟು ದೂರ ಯಾರೂ ಬೇಟೆಯಾಡಬಾರದು, ಯಾರೂ ಕೊಂಬೆ ಮುರಿಯಬಾರದು," ಎಂದಳು ಅಜ್ಜಿ. "ನಿಮ್ಮ ನಿಮ್ಮ ಊಟದಲ್ಲಿ ಒಂದು ಜೋಡಿ ಇಲ್ಲಿ ಬಿಡಿ. ಒಳಗಿದ್ದದ್ದು ಬಾಳಲಿ. ನೀರಿನ ಜೊತೆ ಕೋಡಿ ಬಂಡೆ ದಾಟಿ ಹೊರಗೆ ಬಂದದ್ದು ನಿಮ್ಮದು."

ನೀರುನಾಯಿ ಮೀನು ಬಿಟ್ಟಿತು. ಬೆಳ್ಳಕ್ಕಿ ಕಪ್ಪೆ ಬಿಟ್ಟಿತು. ದೇವೀರಿ ನಕ್ಕಳು.

"ಬಡಿಸಿದ ಎಲೆ ಮುಂದೆ ಕೈಕಟ್ಟಿ ಕೂರೋದಾ, ಅಜ್ಜಿ? ನನ್ನ ಕೆರೆ ತುಂಬ ಹುಳ ಇದೆ. ನನಗ್ಯಾಕೆ ಈ ಉಪವಾಸ?"

"ಕೊಡೋದು ಬಿಡೋದು ನಿನ್ನಿಷ್ಟ ಕಣಮ್ಮ," ಎಂದು ಅಜ್ಜಿ ತಲೆಯನ್ನು ಚಿಪ್ಪಿನೊಳಗೆ ಎಳೆದುಕೊಂಡಳು.

ಆಮೇಲೆ ಮೂರು ವರ್ಷ ಮಳೆ ಬರಲಿಲ್ಲ. ಮೊದಲ ವರ್ಷ ಕೆರೆ ಕುಗ್ಗಿತು. ಎರಡನೆಯ ವರ್ಷ ಕೆಸರಾಯಿತು. ಮೂರನೆಯ ವರ್ಷ ಬಿರುಕು ಬಿಟ್ಟಿತು.

ಮಡು ಮಾತ್ರ ಬತ್ತಲಿಲ್ಲ. ಮತ್ತಿಮರಗಳು ಬಿಸಿಲನ್ನು ಕೆಳಗೆ ಇಳಿಯಗೊಡಲಿಲ್ಲ, ಬೇರುಗಳು ದಡವನ್ನು ಕುಸಿಯಗೊಡಲಿಲ್ಲ. ಕೋಡಿ ಬಂಡೆಯ ಮೇಲೆ ನೀರು ಸಣ್ಣಗೆ ಜಿನುಗುತ್ತಲೇ ಇತ್ತು. ಅದರ ಜೊತೆ ಮರಿಮೀನು ಬಂತು, ಕಪ್ಪೆ ಬಂತು. ಬಸವನಹುಳು ಮಾತ್ರ ಒಂದೂ ಬರಲಿಲ್ಲ. ಏನೂ ಕೊಡದ ತಾನು ಅಲ್ಲಿಗೆ ಹೋಗಿ ಕೈಚಾಚುವುದು ಹೇಗೆ ಎಂದು ದೇವೀರಿ ಆ ಕಡೆ ತಲೆ ಹಾಕಲಿಲ್ಲ. ಅವಳ ಗೂಡಿನಲ್ಲಿ ಎರಡು ಮರಿಗಳು ಬಾಯಿ ತೆರೆದು ಕೂತಿದ್ದವು.

ಅವಳು ಕೆರೆಯಂಗಳವನ್ನೆಲ್ಲ ಕೆದಕಿದಳು. ಕೊನೆಗೆ ಬಿರುಕೊಂದರ ಆಳದಲ್ಲಿ ಒಂದೇ ಒಂದು ಹುಳು ಸಿಕ್ಕಿತು. ಚಿಪ್ಪಿನ ಕದ ಮುಚ್ಚಿಕೊಂಡು ಮಲಗಿತ್ತು.

"ಯಾರದು?" ಎಂದಿತು ಹುಳು ಒಳಗಿನಿಂದ.

"ನಾನು, ದೇವೀರಿ."

"ಓ, ನಮ್ಮ ಮನೆಯವರನ್ನೆಲ್ಲ ಉಂಡವಳು. ಬಾ. ಎರಡು ಬೇಸಿಗೆ ಕದ ಹಾಕಿ ಕೂತೆ, ಮೂರನೆಯದು ನನ್ನ ಕೈಲಾಗಲ್ಲ. ಹೊಟ್ಟೆ ತುಂಬ ಮೊಟ್ಟೆ ಇದೆ, ಇಡೋಕೆ ನೀರಿಲ್ಲ. ಇನ್ನು ಕೆದಕಬೇಡ. ನಾನೇ ಕೊನೆಯವಳು."

ದೇವೀರಿ ಗೂಡಿನ ಕಡೆ ನೋಡಿದಳು. ಮರಿಗಳಿಗೆ ಇದು ಇವತ್ತಿನ ಒಂದು ತುತ್ತು. ನಾಳೆ ಎಂಬುದಿದೆಯಲ್ಲ. ಅವಳು ಹುಳುವನ್ನು ಕೊಕ್ಕಿನ ನಡುವೆ ಎತ್ತಿಕೊಂಡು, ಮೂರು ಗುಡ್ಡಗಳಾಚೆಯ ಮಡುವಿನ ಕಡೆಗೆ ಹಾರಿದಳು.

ಬಿಗಿ ಹಿಡಿದರೆ ಚಿಪ್ಪು ಒಡೆಯುತ್ತದೆ. ಸಡಿಲ ಬಿಟ್ಟರೆ ಬೀಳುತ್ತದೆ. ಒಡೆಯದ ಹಾಗೆ, ಬೀಳದ ಹಾಗೆ ಹಿಡಿದು ಹಾರಿದಳು.

ಮೊದಲ ಗುಡ್ಡದಲ್ಲಿ ಗಾಳಿ ಎದುರಾಯಿತು. "ಏನು ದೇವೀರಿ, ಬುತ್ತಿ ಕಟ್ಟಿಕೊಂಡು ಹೊರಟೆ?"

ಅವಳು ಬಾಯಿ ಬಿಡಲಿಲ್ಲ. ಒಡೆಯದ ಹಾಗೆ, ಬೀಳದ ಹಾಗೆ.

ಎರಡನೆಯ ಗುಡ್ಡದಲ್ಲಿ ಗಾಳಿ ಅವಳನ್ನು ಹಿಂದಕ್ಕೆ ನೂಕಿತು. "ಹಸಿದಿದ್ದೀಯ. ನುಂಗಿಬಿಡು. ನಾನು ಯಾರಿಗೂ ಹೇಳಲ್ಲ."

ಅವಳು ಬಾಯಿ ಬಿಡಲಿಲ್ಲ. ಒಡೆಯದ ಹಾಗೆ, ಬೀಳದ ಹಾಗೆ.

ಮೂರನೆಯ ಗುಡ್ಡದಲ್ಲಿ ಗಾಳಿಗೇ ನಾಚಿಕೆಯಾಯಿತು. ಅದು ದಿಕ್ಕು ಬದಲಿಸಿ, ಅವಳ ರೆಕ್ಕೆಗಳ ಕೆಳಗೆ ಸೇರಿಕೊಂಡಿತು.

ಮಡುವಿನಲ್ಲಿ ಬೇರುಗಳ ನಡುವೆ ದೇವೀರಿ ಹುಳುವನ್ನು ಇಳಿಸಿದಳು. ಅದರ ಕದ ಮೆಲ್ಲಗೆ ತೆರೆಯಿತು. ಅವಳು ಕೊಕ್ಕು ಮುಚ್ಚಲು ನೋಡಿದಳು. ತುದಿಗೆ ತುದಿ ಸೇರಿತು, ನಡುವೆ ಹುಳುವಿನಷ್ಟು ಜಾಗ ಹಾಗೆಯೇ ಉಳಿಯಿತು.

"ತಡವಾಗಿ ತಂದುಬಿಟ್ಟೆ, ಅಜ್ಜಿ," ಎಂದಳು ದಡದಲ್ಲಿದ್ದ ಆಮೆಯಜ್ಜಿಗೆ.

"ನಾವು ಹೊಟ್ಟೆ ತುಂಬಿದಾಗ ಕೊಟ್ಟವರು," ಎಂದಳು ಆಮೆಯಜ್ಜಿ. "ನೀನು ಹಸಿದಾಗ ಕೊಟ್ಟೆ."

ಬೆಳ್ಳಕ್ಕಿ ಕೋಡಿ ಬಂಡೆಯಿಂದ ಕೂಗಿತು: "ನಿನ್ನ ಮಕ್ಕಳು ಕಪ್ಪೆ ತಿಂತಾವೇನೇ? ಮೂಗು ಮುರಿಯೋ ಮನೆತನ ನಿಮ್ಮದು."

"ಈಗ ಕೊಟ್ಟು ನೋಡು," ಎಂದಳು ದೇವೀರಿ.

ಮರಿಗಳು ಮಳೆಗಾಲದವರೆಗೆ ಕಪ್ಪೆ ತಿಂದು ಬೆಳೆದವು. ಮಳೆ ಬಂದಾಗ ಮಡು ಉಕ್ಕಿ, ಹಳ್ಳ ಹಿಡಿದು, ತಗ್ಗಿನ ಹನ್ನೊಂದು ಕೆರೆಗಳನ್ನು ತುಂಬಿತು. ಆ ನೀರಿನ ಜೊತೆ ಒಂದೇ ಹುಳುವಿನ ಮಕ್ಕಳು ಹನ್ನೊಂದು ಕೆರೆಗಳಿಗೂ ಹೋದರು.

ಇವತ್ತಿಗೂ ಬಾಯ್ಕಳಕ ಕೊಕ್ಕರೆಯ ಮರಿಗೆ ಹುಟ್ಟುವಾಗ ಕೊಕ್ಕು ನೆಟ್ಟಗೇ ಇರುತ್ತದೆ. ಬೆಳೆದು ದೊಡ್ಡದಾಗುತ್ತಾ ಹೋದಂತೆ ಸಂದಿ ಮೂಡುತ್ತದೆ. ಕೆರೆಯಂಚಿನಲ್ಲಿ ಅದು ಪಕ್ಕಕ್ಕೆ ತಿರುಗಿ ನಿಂತಾಗ ನೋಡು ಮಗೂ, ಒಂದು ಹುಳು ಹಿಡಿಸುವಷ್ಟೇ ಇರುವ ಆ ಸಂದಿಯೊಳಗಿಂದ ಆಚೆ ದಡದವರೆಗಿನ ನೀರೆಲ್ಲ ಕಾಣುತ್ತದೆ.