ಗಂಜಿ ಮತ್ತು ನೂಲು

"ಅಪ್ಪಾವರೇ, ಅಣ್ಣನ ಮೇಲಿನ ಸಿಟ್ಟನ್ನು ಬೇರುಸಹಿತ ಕಿತ್ತು ಹಾಕಿದೆ. ಎರಡು ವರ್ಷದಿಂದ ಅವನನ್ನು ಬೈದಿಲ್ಲ, ಅವನ ಬಾಗಿಲಿಗೂ ಹೋಗಿಲ್ಲ. ಆದರೂ ಅವನ ಹೆಸರು ಕಿವಿಗೆ ಬಿದ್ದರೆ ಎದೆ ನೋಯುತ್ತದೆ. ಕಿತ್ತ ಮೇಲೂ ಗಾಯ ಏಕೆ ಮಾಯಲಿಲ್ಲ?" ಎಂದು ಶಿಷ್ಯನೊಬ್ಬ ತನ್ನ ಗುರುಗಳನ್ನು ಕೇಳಿದ.

ಗುರುಗಳು ಕಣ್ಣು ಮುಚ್ಚಿ ಶಿವನನ್ನು ನೆನೆದರು. ಆಮೇಲೆ ಈ ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ನೇಕಾರನಿದ್ದ. ಅವನ ಕರುಳಿನಲ್ಲಿ ಗಂಟು ಬೆಳೆಯಿತು. ಪೇಟೆಯ ಆಸ್ಪತ್ರೆಯಲ್ಲಿ ಡಾಕ್ಟರು ಹೊಟ್ಟೆ ಕೊಯ್ದು ಗಂಟು ತೆಗೆದು ಹೊಲಿಗೆ ಹಾಕಿದರು. ಮನೆಗೆ ಕಳಿಸುವ ದಿನ ಅವನ ಹೆಂಡತಿಯನ್ನು ಕರೆದು, "ನನ್ನ ಕೆಲಸ ಮುಗಿಯಿತು, ಇನ್ನು ನಿನ್ನದು. ಬೇಳೆ, ಹಾಲು, ಮೊಸರು, ಮೆತ್ತಗೆ ಬೇಯಿಸಿದ ಕಾಳು, ಸ್ವಲ್ಪ ಸ್ವಲ್ಪವಾಗಿ ದಿನಕ್ಕೆ ಆರು ಸಲ ಕೊಡು" ಎಂದರು.

ಅವಳು ಕೈಮುಗಿದು ಒಪ್ಪಿಕೊಂಡಳು. ಆದರೆ ದಾರಿಯುದ್ದಕ್ಕೂ ತೀರಿಹೋದ ಅತ್ತೆಯ ಮಾತೇ ನೆನಪಾಯಿತು. ಕೊಯ್ದ ಮೈಗೆ ಬೇಳೆ ನಂಜು, ಮೊಸರು ನಂಜು. ತಿಂದರೆ ಗಾಯ ಕೀವಾಗುತ್ತದೆ. ಡಾಕ್ಟರಿಗೆ ಕತ್ತಿ ಗೊತ್ತು, ನಮ್ಮ ಪಥ್ಯ ಏನು ಗೊತ್ತು ಎಂದುಕೊಂಡಳು. ಗಂಡನಿಗೆ ಅಕ್ಕಿಯ ತಿಳಿಗಂಜಿ ಮಾತ್ರ ಕೊಟ್ಟಳು. ಕೊಡುವ ಮೊದಲು ಅವನ ಹಣೆಗೆ ವಿಭೂತಿ ಹಚ್ಚುತ್ತಿದ್ದಳು. ಅವನು ಎದ್ದು ಓಡಾಡುವವರೆಗೆ ತಾನೂ ಗಂಜಿಯನ್ನೇ ಕುಡಿಯುವೆನೆಂದು ಶಿವನಿಗೆ ಹರಕೆ ಹೊತ್ತಳು. ಅವಳ ಪ್ರೀತಿಯಲ್ಲಿ ಕೊರತೆ ಇರಲಿಲ್ಲ.

ಹದಿನೈದು ದಿನ ಕಳೆಯಿತು. ಹೊಲಿಗೆಯ ಒಂದು ತುದಿ ಬಿಟ್ಟುಕೊಂಡು ನೀರು ಒಸರತೊಡಗಿತು. ದಿನವಿಡೀ ಮಗ್ಗದಲ್ಲಿ ಲಾಳಿ ಎಸೆಯುತ್ತಿದ್ದ ಕೈಗೆ ನೀರಿನ ಚೊಂಬೂ ಭಾರವಾಯಿತು. ಎಲ್ಲೋ ನಂಜು ಸೇರಿರಬೇಕೆಂದು ಹೆದರಿ ಅವಳು ಗಂಜಿಗೆ ಹಾಕುತ್ತಿದ್ದ ಉಪ್ಪನ್ನೂ ಬಿಟ್ಟಳು. ಅವನು ಇನ್ನೂ ಸೊರಗಿದ. ಗಂಡ ಕೈತಪ್ಪಿ ಹೋಗುತ್ತಾನೆಂಬ ಭಯದಲ್ಲಿ ಮತ್ತೆ ಆಸ್ಪತ್ರೆಗೆ ಕರೆತಂದಳು.

ಗಾಯ ತೊಳೆಯುತ್ತಿದ್ದ ನರ್ಸ್ ಅವನ ತೋಳು ಮುಟ್ಟಿ ನೋಡಿದಳು. "ಏನು ಉಣಿಸುತ್ತಿದ್ದೀಯಕ್ಕ?"

"ಬರೀ ಗಂಜಿ, ತಾಯಿ. ನಂಜಿನದು ಒಂದು ಕಾಳೂ ಮುಟ್ಟಿಸಿಲ್ಲ, ಶಿವನಾಣೆ."

"ನೀವು ಮಗ್ಗದವರಲ್ಲವೇ? ಉದ್ದಕ್ಕೆ ಎಳೆದು ಕಟ್ಟುವ ಹಾಸಿನ ನೂಲಿಗೆ ಗಂಜಿ ಏಕೆ ಹಾಕುತ್ತೀರಿ?"

"ಎಳೆ ಬಿಗಿಯಾಗಲಿ ಅಂತ."

"ಅಡ್ಡಕ್ಕೆ ಹಾಯಿಸುವ ಹೊಕ್ಕಿನ ನೂಲಿಲ್ಲದೆ ಗಂಜಿಯನ್ನೇ ಸವರುತ್ತಾ ಕೂತರೆ ಸೀರೆ ಎಷ್ಟು ಮೊಳ ಆದೀತು? ಡಾಕ್ಟರು ಎರಡು ಅಂಚು ಸೇರಿಸಿ ಕಟ್ಟಿದ್ದಾರೆ, ಅಷ್ಟೆ. ನಡುವೆ ನೇಯಬೇಕಾದದ್ದು ಇವರ ಮೈ. ಅದಕ್ಕೆ ಬೇಕಾದ ನೂಲು ನಿನ್ನ ಬೇಳೆಯ ಡಬ್ಬಿಯಲ್ಲಿದೆ."

ನೇಕಾರ ಹೊಟ್ಟೆ ಹಿಡಿದುಕೊಂಡು ಮೆಲ್ಲಗೆ ನಕ್ಕ. "ಮೂವತ್ತು ವರ್ಷ ನನಗೆ ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತಿ ಕೊಟ್ಟವಳು, ಈಗ ಖಾಲಿ ಲಾಳಿ ಕೊಟ್ಟು ನೇಯಿ ಅಂತಾಳೆ, ನೋಡಿ."

ಶಿವ ಕೊಟ್ಟ ಕಾಳನ್ನು ಶಿವನ ಹೆಸರಿನಲ್ಲೇ ತಡೆದೆನಲ್ಲ ಎಂದು ಅವಳು ಕಣ್ಣೊರೆಸಿಕೊಂಡಳು. ಅಂದೇ ಹೆಸರುಬೇಳೆಯನ್ನು ನುಣ್ಣಗೆ ಬೇಯಿಸಿ ಎರಡು ಚಮಚ ಉಣಿಸಿದಳು. ಸಂಜೆಯವರೆಗೆ ಗಾಯದ ಬಟ್ಟೆಯನ್ನೇ ನೋಡುತ್ತಾ ಕೂತಳು. ಕೀವು ಬರಲಿಲ್ಲ. ಮರುದಿನ ನಾಲ್ಕು ಚಮಚ. ಆಮೇಲೆ ಹಾಲು, ಮೊಸರು. ಶಿವನ ದಯೆಯಿಂದ ಗಾಯದ ಅಡಿಯಲ್ಲಿ ಕೆಂಪು ಮಾಂಸ ತುಂಬುತ್ತಾ ಬಂತು. ಎರಡು ತಿಂಗಳಿಗೆ ನೇಕಾರ ಗೋಡೆ ಹಿಡಿಯದೆ ಮಗ್ಗದವರೆಗೆ ನಡೆದ. ಅವಳು ತುಂಬಿದ ಕಂಡಿಕೆಯನ್ನು ಲಾಳಿಗೆ ಹಾಕಿ ಅವನ ಕೈಗೆ ಕೊಟ್ಟಳು.

ಗುರುಗಳು ಕತೆ ನಿಲ್ಲಿಸಿದರು.

"ಪಾಪ, ಒಳ್ಳೆಯ ಹೆಂಗಸು," ಎಂದ ಶಿಷ್ಯ. "ಗಂಟು ಹೋಯಿತಲ್ಲ, ನಂಜು ದೂರವಿಟ್ಟರೆ ಸಾಕು ಎಂದುಕೊಂಡಳು."

"ನೀನೂ ಒಳ್ಳೆಯವನೇ, ಮಗು. ಸಿಟ್ಟು ಕಿತ್ತ ಜಾಗಕ್ಕೆ ಈ ಎರಡು ವರ್ಷ ಏನು ಉಣಿಸಿದೆ?"

ಶಿಷ್ಯ ಗುರುಗಳಿಗೆ ನಮಸ್ಕರಿಸಿ ಎದ್ದು, ಎರಡು ವರ್ಷದಿಂದ ತುಳಿಯದಿದ್ದ ಅಣ್ಣನ ಬಾಗಿಲಿನತ್ತ ನಡೆದ.