ಒಡ್ಡಿನ ಮೇಲೆ ನಿಂತವಳ ಅಂಗಿ

"ಮತ್ತೆ ಅಡ್ಡಿ! ಒಂದು ಮಾತು ಮುಗಿಸಲೂ ಬಿಡುವುದಿಲ್ಲ ಈ ಪ್ರಾಣಿ," ಎಂದು ಶಾಂಭವಿ ಅಳುವ ಕೂಸನ್ನು ಎತ್ತಿಕೊಂಡು ಹಾಲೂಡಿಸಲು ಕುಳಿತಳು. ಅವಳು ಕಲಿಯುತ್ತಿದ್ದದ್ದು ಚೀನಾದ ಕ್ರಾಂತಿಯ ಕಾಲದ ನಾಟಕವೊಂದರ ನಾಯಕಿಯ ಪಾತ್ರ. ಕಲಿಸುತ್ತಿದ್ದವರು ಮುರಿಗೆಮ್ಮ.

"ಅಮ್ಮಾ, ಈ ನಾಯಕಿಗೆ ಗಂಡನಿಲ್ಲ, ಕೂಸಿಲ್ಲ, ಒಲೆಯೂ ಇಲ್ಲ. ಇವೆಲ್ಲ ಇಲ್ಲದಿದ್ದರೆ ಊರೇನು, ದೇಶವನ್ನೇ ಆಳುತ್ತಿದ್ದೆ ನಾನು. ಹಾಲೂಡುವವಳಿಗೆ ಈ ಪಾತ್ರ ಒಗ್ಗುತ್ತದೆಯೇ? ಬಿಟ್ಟುಬಿಡಲೇ?"

ಮುರಿಗೆಮ್ಮ ಕತೆ ಹೇಳಿದರು.

ಚೀನಾದಲ್ಲಿ ಒಬ್ಬ ನಾಟಕಕಾರನಿದ್ದ. ರಂಗದ ಮೇಲೆ ಹೆಂಗಸು ಅತ್ತದ್ದು ಸಾಕು, ಇನ್ನು ಆಜ್ಞೆ ಕೊಡಲಿ ಎಂದು ನಿಶ್ಚಯಿಸಿದ. ಹೊಳೆಗೆ ಒಡ್ಡು ಕಟ್ಟಿಸುವ ಮುಂದಾಳು ಹೆಂಗಸೆಂದು ಬರೆದ. ಗಂಡ ಅಡ್ಡ ಬರಬಾರದೆಂದು 'ಈ ಮನೆಯವರು ಸೈನ್ಯದಲ್ಲಿದ್ದಾರೆ' ಎಂಬ ಹಲಗೆಯನ್ನು ಅವಳ ಬಾಗಿಲಿಗೆ ತೂಗುಹಾಕಿದ. ಮಕ್ಕಳ ಮಾತನ್ನೇ ಎತ್ತಲಿಲ್ಲ. ಅವಳು ಒಡ್ಡಿನ ಮೇಲೆ ನಿಂತು ಕೈ ಎತ್ತಿದರೆ ರಂಗದ ಗಂಡಸರೆಲ್ಲ ಕತ್ತೆತ್ತಿ ನೋಡುತ್ತಿದ್ದರು. ಸಭೆಯ ಹುಡುಗಿಯರು ಬೆನ್ನು ನೆಟ್ಟಗೆ ಮಾಡಿ ಕೂರುತ್ತಿದ್ದರು. ಅದು ಸುಳ್ಳಲ್ಲ.

ಆ ಪಾತ್ರ ಮಾಡುತ್ತಿದ್ದವಳು ಹಾಲೂಡುವ ತಾಯಿ. ಒಂದೂರಿನಲ್ಲಿ ಅವಳು ಕೈ ಎತ್ತಿ ನಿಂತಾಗಲೇ ಸಭೆಯಲ್ಲಿ ಯಾರದೋ ಕೂಸು ಅತ್ತಿತು. ಇವಳ ಎದೆಯಲ್ಲಿ ಹಾಲು ಇಳಿಯಿತು. ನೀಲಿ ಅಂಗಿ ತೊಯ್ದುಹೋಯಿತು. ಮುಂದೆ ಕೂತಿದ್ದ ಹೆಂಗಸೊಬ್ಬಳು ಕೂಗಿದಳು: "ಏನೇ ತಂಗಿ, ನಿನಗೂ ಮನೆಯಲ್ಲಿ ಕೂಸಿದೆಯೇನೇ?"

ಎತ್ತಿದ ಕೈ ಇಳಿಸದೆ ಅವಳೆಂದಳು: "ಇದೆ ಅಕ್ಕಾ. ಈ ಒಡ್ಡು ನಿಲ್ಲಲಿ, ಹೋಗಿ ಎತ್ತಿಕೊಳ್ಳುತ್ತೇನೆ."

ಹೆಂಗಸರು ಎದ್ದುನಿಂತು ಚಪ್ಪಾಳೆ ತಟ್ಟಿದರು. ಮರುದಿನ ಆ ಊರಿನ ನಿಜವಾದ ಒಡ್ಡಿಗೆ ಮಣ್ಣು ಹೊರಲು, ಕೂಸನ್ನು ಬೆನ್ನಿಗೆ ಕಟ್ಟಿಕೊಂಡ ತಾಯಂದಿರೂ ಬಂದರು.

ನಾಟಕಕಾರನಿಗೆ ಮಾತ್ರ ನಾಚಿಕೆಯಾಯಿತು. ನಾಯಕಿ ಒದ್ದೆಯಾಗಬಾರದೆಂದು ಅಂಗಿಗೆ ದಪ್ಪನೆಯ ಒಳಪದರ ಹೊಲಿಸಿದ. ಮುಂದಿನ ಆಟ ಪಕ್ಕದೂರಿನಲ್ಲಿ. ಹಿಂದಿನ ಊರಿನ ಹೆಂಗಸರು ಅವಳನ್ನು ನೋಡಲೆಂದೇ ನಡೆದು ಬಂದರು. ಕೂಸುಗಳು ಅತ್ತವು. ಅಂಗಿ ಒಣಗಿಯೇ ಇತ್ತು. ಒದ್ದೆ ಅಂಗಿಯಿಲ್ಲದೆ, ಬಣ್ಣ ಬಳಿದ ಮುಖವೊಂದರಿಂದಲೇ ಅವರಿಗೆ ಅವಳ ಗುರುತು ಸಿಗಲಿಲ್ಲ.

"ಇವಳು ಬೇರೆ ಯಾರೋ. ನಮ್ಮವಳಿಗೆ ಮೈ ಹುಷಾರಿಲ್ಲವೇನೋ," ಎಂದು ಅರ್ಧದಲ್ಲೇ ಎದ್ದುಹೋದರು.

ಕತೆ ಮುಗಿಯಿತು. ಮಾತಿಗೆ ಮಾತು ಕೊಡದೆ ಬಿಡುವವಳಲ್ಲ ಶಾಂಭವಿ. "ಅಯ್ಯೋ ದಡ್ಡಿ! ಆ ಒಳಪದರವನ್ನು ಕಿತ್ತು ಬಿಸಾಡಲು ಅವಳಿಗೇನಾಗಿತ್ತು?" ಎಂದಳು.

ಮುರಿಗೆಮ್ಮ ತಿರುಗಿ ಕೇಳಿದರು:

"ನಿನ್ನ ಅಂಗಿಗೆ ಅದನ್ನು ಹೊಲಿಯುತ್ತಿರುವವರು ಯಾರು, ತಾಯಿ?"