ಅರ್ಧದಲ್ಲಿ ನಿಂತ ಮುಳ್ಳು

ಶಿಷ್ಯ ಬಸಲಿಂಗ ಕೇಳಿದ: "ಗುರುಗಳೇ, ನನಗೆ 'ಆಗುವುದಿಲ್ಲ' ಅನ್ನಲು ಬಾಯಿ ಬರುವುದಿಲ್ಲ. ಯಾರು ಏನು ಕೇಳಿದರೂ 'ಹೂಂ, ಆಯ್ತು' ಅಂದುಬಿಡುತ್ತೇನೆ. ಯಾವ ಹೂಂ ನಿಜ, ಯಾವುದು ಬರೀ ಬಾಯಿಮಾತು ಅಂತ ಒಳಗೊಳಗೇ ಗೊತ್ತಿರುತ್ತದೆ. ನನ್ನ ದೋಷ ನನಗೆ ಗೊತ್ತಿದ್ದರೆ ಸಾಲದೇ?"

ಗುರುಗಳು ನಕ್ಕರು. "ಭಲೇ! ಭಾರೀ ಬುದ್ಧಿವಂತ ನೀನು. ಕೂತುಕೋ. ನಿನ್ನಷ್ಟೇ ಬುದ್ಧಿವಂತನಾದ ಒಬ್ಬ ಡ್ರೈವರನ ಕತೆ ಹೇಳುತ್ತೇನೆ" ಎಂದರು.

ಒಬ್ಬ ಡ್ರೈವರ್ ಇದ್ದ. ಅವನದೊಂದು ಹಳೆಯ ಬಾಡಿಗೆ ಕಾರು. ಪೆಟ್ರೋಲ್ ಎಷ್ಟಿದೆ ಎಂದು ತೋರಿಸುವ ಮುಳ್ಳು ಒಂದು ದಿನ ಅರ್ಧಕ್ಕೆ ಬಂದು ನಿಂತುಬಿಟ್ಟಿತು. ಟ್ಯಾಂಕ್ ತುಂಬಿದರೂ ಅರ್ಧ, ಬರಿದಾದರೂ ಅರ್ಧ. ಮೆಕ್ಯಾನಿಕ್ ನೋಡಿ ಹೇಳಿದ: "ಟ್ಯಾಂಕಿನೊಳಗೆ ಪೆಟ್ರೋಲಿನ ಮೇಲೆ ತೇಲುವ ಬುರುಡೆ ಇದೆಯಲ್ಲ, ಅದರ ಕಡ್ಡಿ ತುಕ್ಕು ಹಿಡಿದು ಕಚ್ಚಿಕೊಂಡಿದೆ. ಟ್ಯಾಂಕ್ ಇಳಿಸಬೇಕು. ಅರ್ಧ ದಿನದ ಕೆಲಸ, ಗಾಡಿ ಬಿಟ್ಟು ಹೋಗಿ."

ಡ್ರೈವರ್ ಬಿಟ್ಟು ಹೋಗಲಿಲ್ಲ. ಬಿದಿರಿನ ಒಂದು ಕೋಲಿಗೆ ಚಾಕುವಿನಿಂದ ಗೆರೆ ಹಾಕಿಕೊಂಡ. ಟ್ಯಾಂಕಿಗೆ ಇಳಿಸುವುದು, ಎತ್ತುವುದು, ಎಷ್ಟು ಗೆರೆ ಒದ್ದೆಯಾಗಿದೆ ನೋಡುವುದು. 'ನನ್ನ ಗಾಡಿ ನನಗೆ ಗೊತ್ತಿಲ್ಲವೇ' ಎಂದು ಬೀಗುತ್ತಿದ್ದ. ಗೊತ್ತಿತ್ತು, ಸುಳ್ಳಲ್ಲ. ಒಂಬತ್ತು ವರ್ಷದಲ್ಲಿ ಒಮ್ಮೆಯೂ ಪೆಟ್ರೋಲ್ ಮುಗಿದು ನಡುದಾರಿಯಲ್ಲಿ ನಿಂತವನಲ್ಲ.

ಅವನ ಪಕ್ಕದ ಮನೆಯಲ್ಲಿ ಒಬ್ಬ ಮೇಷ್ಟ್ರು ಇದ್ದರು. ಒಂದು ಮಧ್ಯಾಹ್ನ ಅವರು ಓಡಿಬಂದರು. ತಂಗಿಯ ಊರಿನಲ್ಲಿದ್ದ ತಾಯಿ ಈಗಲೋ ಆಗಲೋ ಎನ್ನುವಂತಿದ್ದಾಳೆ, ಮಗನ ಹೆಸರು ಹಿಡಿದು ಕರೆಯುತ್ತಿದ್ದಾಳೆ ಎಂದು ಸುದ್ದಿ ಬಂದಿತ್ತು. ಡ್ರೈವರ್ ಜ್ವರದಲ್ಲಿ ಮಲಗಿದ್ದ. ಆದರೂ ಒಳ್ಳೆಯವನು, ನೋಡು. ಮೇಷ್ಟ್ರಿಗೆ ಗಾಡಿ ಓಡಿಸಲು ಬರುತ್ತದೆ ಎಂದು ಅವನಿಗೆ ಗೊತ್ತಿತ್ತು. ದಿಂಬಿನ ಕೆಳಗಿದ್ದ ಕೀಲಿ ತೆಗೆದುಕೊಟ್ಟು, 'ಹೊರಡಿ ಮೇಷ್ಟ್ರೇ, ತಡ ಮಾಡಬೇಡಿ' ಎಂದ. ಮುಳ್ಳಿನ ಮಾತು ಬಾಯಿಗೆ ಬರಲಿಲ್ಲ. ತಾನು ಅದನ್ನು ನೋಡುವುದು ಬಿಟ್ಟು ಒಂಬತ್ತು ವರ್ಷವಾಗಿತ್ತಲ್ಲ, ಬೇರೆಯವರು ನೋಡುತ್ತಾರೆ ಎಂಬುದೇ ಮರೆತುಹೋಗಿತ್ತು.

ಊರ ಹೊರಗೆ ಪೆಟ್ರೋಲ್ ಬಂಕ್ ಇತ್ತು. ಮೇಷ್ಟ್ರು ಮುಳ್ಳು ನೋಡಿದರು. ಅರ್ಧ. ಧಾರಾಳ ಸಾಕು ಎಂದುಕೊಂಡು ಬಂಕ್ ದಾಟಿದರು. ಹನ್ನೆರಡು ಮೈಲಿ ಆಚೆ, ಒಂದು ಮನೆಯೂ ಇಲ್ಲದ ಕಡೆ, ಕಾರು ನಿಂತಿತು. ಮುಳ್ಳು ಆಗಲೂ ಅರ್ಧದಲ್ಲೇ ಇತ್ತು. ಅದನ್ನು ನಂಬಿ, ಇಂಜಿನ್ನೇ ಕೆಟ್ಟಿರಬೇಕು ಎಂದು ಪಾಪ ಆ ಮನುಷ್ಯ ಬಾನೆಟ್ ಎತ್ತಿ ಬಿಸಿಲಲ್ಲಿ ತಡಕಾಡಿದರು. ಕೊನೆಗೆ ಯಾವುದೋ ಲಾರಿ ಹತ್ತಿ ಹೋಗಿ ಸೇರುವಷ್ಟರಲ್ಲಿ ತಾಯಿ ಕಣ್ಣು ಮುಚ್ಚಿದ್ದಳು. ಕಡೆಯವರೆಗೂ ಬಾಗಿಲ ಕಡೆಯೇ ನೋಡುತ್ತಿದ್ದಳು ಎಂದು ತಂಗಿ ಹೇಳಿದಳು.

ಟ್ಯಾಂಕ್ ಬರಿದಾಗಿತ್ತೆಂದು ಆಮೇಲೆ ತಿಳಿದ ಮೇಷ್ಟ್ರು, ಪೆಟ್ರೋಲ್ ಹಾಕಿ ಕಾರನ್ನು ಊರಿಗೆ ತಂದು ಕೀಲಿ ಕೊಟ್ಟರು. ಬೈಯಲಿಲ್ಲ. 'ಅರ್ಧ ಇದೆ ಅಂದುಕೊಂಡೆ ಕಣಪ್ಪಾ' ಎಂದರು, ಅಷ್ಟೇ. ಬೈದಿದ್ದರೆ ಡ್ರೈವರನಿಗೆ ಎಷ್ಟೋ ಹಗುರವಾಗುತ್ತಿತ್ತು.

ಮರುದಿನ ಬೆಳಿಗ್ಗೆಯೇ ಅವನು ಮೆಕ್ಯಾನಿಕ್ ಬಳಿ ಹೋದ. ಟ್ಯಾಂಕ್ ಇಳಿಸಿದರು. ತುಕ್ಕು ತಿಂದ ಕಡ್ಡಿಯನ್ನು ಬುರುಡೆಯ ಸಮೇತ ತೆಗೆದು ಹೊಸದು ಕೂರಿಸಿದರು. ಊಟದ ಹೊತ್ತಿಗೆ ಕೆಲಸ ಮುಗಿದೇಹೋಯಿತು. 'ಇಷ್ಟೇನಾ! ಅಯ್ಯೋ, ಇಷ್ಟೇನಾ!' ಎಂದು ಡ್ರೈವರ್ ಅಂಗಡಿಯ ಮುಂದೆಯೇ ಕೂತು ಅತ್ತ. ಆಮೇಲೆ ಆ ಮುಳ್ಳು ಒಂದು ದಿನವೂ ಸುಳ್ಳು ಹೇಳಲಿಲ್ಲ. ಆದರೂ ಅದು ಅರ್ಧಕ್ಕೆ ಬಂದಾಗಲೆಲ್ಲ ಅವನು ಗಾಡಿ ನಿಲ್ಲಿಸಿ, ಕೋಲು ಇಳಿಸಿ ನೋಡುತ್ತಿದ್ದ.

ಕತೆ ಮುಗಿಯಿತು. ಬಸಲಿಂಗ ತಡೆಯಲಾರದೆ, "ಪಾಪ, ಅವನೇನು ಬೇಕೆಂದು ಮಾಡಿದ್ದಲ್ಲವಲ್ಲ, ಗುರುಗಳೇ" ಎಂದ.

"ನೀನೂ ಬೇಕೆಂದು ಮಾಡುವವನಲ್ಲ" ಎಂದರು ಗುರುಗಳು. "ನಿನ್ನ ಹೂಂ ನಂಬಿ ಬಂಕ್ ದಾಟಿದವರು ಈಗ ಯಾವ ದಾರಿಯಲ್ಲಿ ನಿಂತಿದ್ದಾರೆ, ಹೇಳು ನೋಡೋಣ."

ಬಸಲಿಂಗ ತಾನು ಬರೀ ಬಾಯಿಮಾತಿಗೆ ಹೂಂ ಅಂದವರನ್ನು ಒಬ್ಬೊಬ್ಬರಾಗಿ ಬೆರಳು ಮಡಚಿ ಎಣಿಸತೊಡಗಿದ.